ಎಡಬಲ ತಪ್ಪದ ಮನೆ

ಬಹಳ ಹಿಂದೆ, ಗಿಳಿಗಳಿಗೆ ಮಾತು ಬರುತ್ತಿದ್ದರೂ ಸುಳ್ಳು ಹೇಳಲು ಇನ್ನೂ ಬರದಿದ್ದ ಕಾಲದಲ್ಲಿ, ಹೊಂಗೆನಾಡು ಎಂಬ ಒಂದು ರಾಜ್ಯವಿತ್ತು. ಅದಕ್ಕೆ ಸಿಂಗರಸ ಎಂಬ ಎಳೆಯ ರಾಜ. ಅವನಿಗೆ ಬಾಚಲೆ ಎಂಬ ತಂಗಿ. ತಂದೆ ಯುದ್ಧದಲ್ಲಿ ಮಡಿದಿದ್ದ, ತಾಯಿ ಜ್ವರದಲ್ಲಿ ತೀರಿಕೊಂಡಿದ್ದಳು. ಅಣ್ಣನಿಗೆ ತಂಗಿ, ತಂಗಿಗೆ ಅಣ್ಣ, ಮೂರನೆಯವರಿಲ್ಲ.

ಸಿಂಗರಸ ಒಳ್ಳೆಯವನು. ಎಷ್ಟು ಒಳ್ಳೆಯವನೆಂದರೆ, ಮನೆಗೆ ನುಗ್ಗಿದ ಕಳ್ಳ 'ಸ್ವಲ್ಪ ದೀಪ ಹಿಡಿಯಿರಿ ಸ್ವಾಮೀ' ಎಂದರೆ ಹಿಡಿದು ನಿಲ್ಲುವಷ್ಟು. ಬಾಚಲೆ ಅದಕ್ಕೆ ತದ್ವಿರುದ್ಧ. ಹಾಲು ಯಾಕೆ ಇಷ್ಟು ಬೆಳ್ಳಗಿದೆ ಎಂದು ಲೋಟವನ್ನು ಬೆಳಕಿಗೆ ಹಿಡಿದು ನೋಡುವವಳು. ಅರಮನೆಯ ಅಡುಗೆಯವರ ಮೇಲೂ ನಂಬಿಕೆ ಸಾಲದೆ, ತಾನೇ ಕಟ್ಟಿದ ತಂಬಿಟ್ಟಿನ ಉಂಡೆಯೊಂದನ್ನು ಸದಾ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಿರುತ್ತಿದ್ದಳು. ಜನ ಅವಳನ್ನು ಬೆನ್ನ ಹಿಂದೆ 'ಅನುಮಾನದ ಅಮ್ಮಣ್ಣಿ' ಎಂದು ಕರೆಯುತ್ತಿದ್ದರು. ಹಾಗೆ ಕರೆಯುತ್ತಾರೆಂಬ ಅನುಮಾನ ಅವಳಿಗೂ ಇತ್ತು.

ಈ ಅಣ್ಣತಂಗಿಯರ ನಡುವೆ ಒಂದು ಪದ್ಧತಿ ನಡೆದುಬಂದಿತ್ತು. ತಾಯಿ ಕಣ್ಣು ಮುಚ್ಚುವ ಮುಂಚೆ ಮಗಳ ಕೈಗೆ ಬೆಳ್ಳಿಯ ಕಾಡಿಗೆ ಕರಡಿಗೆಯೊಂದನ್ನು ಕೊಟ್ಟು, "ನಿಮ್ಮಣ್ಣನ ಮೇಲೆ ಬೇಗ ಕಣ್ಣು ಬೀಳುತ್ತೆ ಕಣೇ. ದೃಷ್ಟಿಬೊಟ್ಟು ಇಲ್ಲದೆ ಅವನನ್ನ ಹೊಸ್ತಿಲು ದಾಟೋಕೆ ಬಿಡಬೇಡ" ಎಂದಿದ್ದಳು. ಅಂದಿನಿಂದ ದಿನವೂ ಬೆಳಿಗ್ಗೆ ಅಣ್ಣ ಮಿಂದು ಬಂದ ಕೂಡಲೇ ಬಾಚಲೆ ಕರಡಿಗೆ ಹಿಡಿದು ಎದುರು ನಿಲ್ಲುತ್ತಿದ್ದಳು. ಆಸ್ಥಾನದವರು ನಗಬಾರದೆಂದು ಬೊಟ್ಟು ಇಡುತ್ತಿದ್ದದ್ದು ಎಡಗಿವಿಯ ಹಿಂದೆ.

"ಕಿವಿ ಕೊಡಣ್ಣ."

"ನಾನೇನು ತೊಟ್ಟಿಲ ಕೂಸೇನೇ?"

"ತೊಟ್ಟಿಲ ಕೂಸಿಗೆ ನಿನಗಿಂತ ಬುದ್ಧಿ ಇರುತ್ತೆ. ಕಿವಿ ಕೊಡು."

ಸಿಂಗರಸನಿಗೆ ವಿಪರೀತ ಕಚಗುಳಿ. ಬೆರಳು ಇನ್ನೂ ದೂರ ಇರುವಾಗಲೇ ಅವನ ಕತ್ತು ಆಮೆಯ ಹಾಗೆ ಒಳಕ್ಕೆ ಹೋಗುತ್ತಿತ್ತು. ತಂಗಿ ಅವನ ಕಿವಿ ಹಿಡಿದೆಳೆದು ಬೊಟ್ಟು ಒತ್ತಿ ಬಿಡುತ್ತಿದ್ದಳು. ಆಮೇಲೆ ಅವನು ಸಿಂಹಾಸನ ಏರುತ್ತಿದ್ದ.

ಹೀಗಿರುವಾಗ ಸಿಂಗರಸನಿಗೆ ಊರಾಚೆ ಒಂದು ಹಳ್ಳಿಮನೆ ಕಟ್ಟಿಸಬೇಕೆಂಬ ಆಸೆ ಹುಟ್ಟಿತು. ಅರಮನೆಯ ಗದ್ದಲ ಅವನಿಗೆ ಸಾಕಾಗಿತ್ತು. ಹೊಳೆಯ ಆಚೆ ದಡದ ಹುಲ್ಲುಗಾವಲಿನಲ್ಲಿ ಒಂದು ತಂಪಾದ ಮನೆ, ಮುಂದೆ ಜಗಲಿ, ಹಿಂದೆ ನಾಲ್ಕು ಹಸು. ಅವನಿಗೆ ಬೇಕಾಗಿದ್ದದ್ದು ಇಷ್ಟೇ. ಊರಿನ ಕಲ್ಲುಕುಟಿಗರು ಬಂದು ನೆಲದ ಮೇಲೆ ಕಡ್ಡಿಯಿಂದ ಗೆರೆ ಎಳೆದು ತೋರಿಸಿದರು. ಚೆನ್ನಾಗಿಯೇ ಇತ್ತು. ಆದರೆ ಹಿತ್ತಲ ಗಿಡ ಮದ್ದಲ್ಲ ನೋಡಿ, ಆಸ್ಥಾನದವರು ಮೂಗು ಮುರಿದರು. ರಾಜನ ಮನೆಗೆ ಮಣ್ಣಿನ ಮೇಲೆ ಗೆರೆಯೇ ಎಂದರು.

ಆಗ ಬಂದವನು ಸಮಾಂಗ.

ಕಡಲಾಚೆಯ ಸ್ಥಪತಿ ಎಂದು ಹೇಳಿಕೊಂಡ. ತಲೆಗೂದಲಿಗೆ ಬಿಳಿಯ ಪುಡಿ ಹಚ್ಚಿ ನಟ್ಟನಡುವೆ ಬೈತಲೆ ತೆಗೆದಿದ್ದ. ಎರಡು ಕೈಗೂ ಒಂದೇ ತರದ ಉಂಗುರ. ಬಲಕ್ಕೊಮ್ಮೆ ಬಾಗಿದರೆ ಎಡಕ್ಕೊಮ್ಮೆ ಬಾಗುತ್ತಿದ್ದ. ದಾರಿಯ ನಡುವೆಯೇ ನಡೆಯುತ್ತಿದ್ದ. ಕೊಟ್ಟ ಲಾಡುವನ್ನು ಬೇಡವೆಂದ, ಎರಡು ಕೊಟ್ಟ ಮೇಲೆ ಎರಡು ಕೈಯಲ್ಲೂ ಹಿಡಿದು ತಿಂದ. ಎಲ್ಲರೂ "ಎಂಥ ಶಿಸ್ತು!" ಎಂದರು. ಬಾಚಲೆ ಮಾತ್ರ ಕಂಬದ ಮರೆಯಿಂದ ಅವನನ್ನೂ ಗೋಡೆಯ ಕನ್ನಡಿಯಲ್ಲಿದ್ದ ಅವನ ಬಿಂಬವನ್ನೂ ನೋಡಿದಳು. ಯಾರ ಮುಖವೇ ಆದರೂ ಕನ್ನಡಿಯಲ್ಲಿ ಒಂದಿಷ್ಟು ಬೇರೆಯಾಗಿ ಕಾಣುತ್ತದೆ. ಇವನದು ಕೂದಲೆಳೆಯಷ್ಟೂ ಬದಲಾಗಲಿಲ್ಲ.

'ಮನುಷ್ಯನಾಗಿ ಹುಟ್ಟಿದವನಿಗೆ ಒಂದು ಹುಬ್ಬಾದರೂ ಮೇಲೆ ಕೆಳಗೆ ಇರಬೇಡವೇ?' ಎಂದುಕೊಂಡಳು.

ಸಮಾಂಗ ಬೆನ್ನಿಗೆ ನೇತುಹಾಕಿದ್ದ ಉದ್ದನೆಯ ತೊಗಲಿನ ಕೊಳವೆಯಿಂದ ಒಂದು ಕಾಗದದ ಸುರುಳಿ ತೆಗೆದು ಮೇಜಿನ ಮೇಲೆ ಹರಡಿದ. ಅದು ಹಳ್ಳಿಮನೆಯ ಒಳಾಂಗಣದ ನಕ್ಷೆ. ಅಂಥ ನಕ್ಷೆಯನ್ನು ಹೊಂಗೆನಾಡು ಕಂಡಿರಲಿಲ್ಲ. ನಡುವೆ ನೆಲ. ನೆಲದ ನಾಲ್ಕು ಅಂಚಿಗೂ ನಾಲ್ಕು ಗೋಡೆಗಳನ್ನು ಹೊರಕ್ಕೆ ಮಲಗಿಸಿ ಬರೆದಿತ್ತು, ಬಿಚ್ಚಿಟ್ಟ ಪೆಟ್ಟಿಗೆಯ ಹಾಗೆ. ಎಳೆ ಹಸಿರು ಬಣ್ಣದ ಗೋಡೆ, ಗುಲಾಬಿ ಬಣ್ಣದ ಅಂಚು. ತೆಳ್ಳಗಿನ ಕಂಬಗಳು, ಕಂಬದಿಂದ ಕಂಬಕ್ಕೆ ಇಳಿಬಿದ್ದ ಗಾರೆಯ ಹೂಮಾಲೆಗಳು. ನಡುಗೋಡೆಯಲ್ಲಿ ಚಳಿ ಕಾಯಿಸುವ ಅಗ್ಗಿಷ್ಟಿಕೆ, ಅದರ ಎಡಕ್ಕೂ ಬಲಕ್ಕೂ ರೆಕ್ಕೆಯ ಸಿಂಹಗಳು. ಗೋಡೆಗಳ ತುಂಬ, ಬೊಂಬೆ ನಿಲ್ಲಿಸುವುದಕ್ಕೆಂದು ಬರಿದಾಗಿ ಬಿಟ್ಟ ಗೂಡುಗಳು. ಕಾಗದವನ್ನು ನಡುವೆ ಮಡಿಸಿದರೆ ಎಡದ ಗೆರೆಯ ಮೇಲೆ ಬಲದ ಗೆರೆ ಕೂರುತ್ತಿತ್ತು.

ಸಿಂಗರಸ ಮಗುವಿನ ಹಾಗೆ ಕೈ ತಟ್ಟಿದ. ಬಾಚಲೆ ಬಗ್ಗಿ ನೋಡಿದಳು.

"ಅಡುಗೆಮನೆ ಎಲ್ಲಿ?"

"ಅದಕ್ಕೆ ಜೋಡಿ ಸಿಗುವುದಿಲ್ಲ, ರಾಜಕುಮಾರಿ" ಎಂದ ಸಮಾಂಗ. "ಒಂದು ಮನೆಗೆ ಎರಡು ಅಡುಗೆಮನೆ ಯಾರೂ ಕೇಳುವುದಿಲ್ಲ. ಆದ್ದರಿಂದ ಬಿಟ್ಟಿದ್ದೇನೆ."

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ" ಎಂದು ಬಾಚಲೆ ಗೊಣಗಿದಳು. "ಮುಂದಿನ ಗೋಡೆಗೆ ಎರಡು ಬಾಗಿಲು ಯಾಕೆ?"

"ಒಂದು ತೆರೆಯುವುದಕ್ಕೆ. ಇನ್ನೊಂದು ಅದಕ್ಕೆ ಜೊತೆ ಕೊಡುವುದಕ್ಕೆ. ಬರಿಯ ಬಣ್ಣ."

"ತಿಳಿಯದೆ ಯಾರಾದರೂ ಆ ಬಣ್ಣದ ಬಾಗಿಲನ್ನ ತಳ್ಳಿದರೆ?"

"ಅಲ್ಲಿಯೇ ಉಳಿಯುತ್ತಾರೆ" ಎಂದು ಸಮಾಂಗ ನಕ್ಕ. ನಗುವಾಗ ಎರಡು ಕೆನ್ನೆಯಲ್ಲೂ ಒಂದೇ ಅಳತೆಯ ಗುಳಿ ಬಿತ್ತು. "ನೋಡುವುದಕ್ಕೂ ಚೆನ್ನಾಗಿರುತ್ತದೆ."

ಎಲ್ಲರೂ ಅದನ್ನು ತಮಾಷೆ ಎಂದುಕೊಂಡರು. ಬಾಚಲೆ ಆ ಮಾತನ್ನು ಸೆರಗಿನ ಇನ್ನೊಂದು ತುದಿಗೆ ಗಂಟು ಹಾಕಿಕೊಂಡಳು.

ಸಮಾಂಗ ಅರಮನೆಯಲ್ಲೇ ಬೀಡುಬಿಟ್ಟು ನಕ್ಷೆಯನ್ನು ತಿದ್ದುತ್ತ ಕುಳಿತ. ಬಂದವರಿಗೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದ. "ಈ ಮನೆಯಲ್ಲಿ ನಿಮಗೆ ಮೆಚ್ಚಿಗೆಯಾದ ಜಾಗ ಯಾವುದು? ಬೆರಳಿಟ್ಟು ತೋರಿಸಿ."

ಮೊದಲು ಆಸ್ಥಾನದ ವೀಣೆಗಾರ್ತಿ ಸೋಮಲೆ ಬಂದಳು. ಕಿಟಕಿಯ ಪಕ್ಕದ ಗೂಡಿನ ಮೇಲೆ ಬೆರಳಿಟ್ಟು "ಇಲ್ಲಿ" ಎಂದಳು. ಮರುದಿನ ಸೋಮಲೆ ಇಲ್ಲ. ಆ ಗೂಡಿನಲ್ಲಿ ಬಿಳಿಯ ಗಾರೆಯ ಹೆಣ್ಣುಬೊಂಬೆ ನಿಂತಿತ್ತು, ಎದುರಿನ ಗೂಡಿನಲ್ಲಿ ಅದರದೇ ಪಡಿಯಚ್ಚು. ತವರಿಗೆ ಹೋದಳಂತೆ ಎಂದ ಸಮಾಂಗ. ಜನ ಹೌದೆಂದರು. ಬಾಚಲೆ ಸೋಮಲೆಯ ಕೋಣೆಗೆ ಹೋಗಿ ನೋಡಿದರೆ ವೀಣೆ ಗೋಡೆಗೆ ಒರಗಿಕೊಂಡಿತ್ತು. ಸೋಮಲೆ ನೀರು ಸೇದಲು ಹೋದರೂ ವೀಣೆ ಬಿಟ್ಟು ಹೋದವಳಲ್ಲ.

ಆಮೇಲೆ ದಳವಾಯಿ ಕೇತಮಲ್ಲ ಬಂದ. ಬಾಗಿಲ ಬಳಿಯ ಗೂಡಿನ ಮೇಲೆ ಬೆರಳಿಟ್ಟು "ಇಲ್ಲಿ" ಎಂದ. ಮರುದಿನ ಕೇತಮಲ್ಲನಿಲ್ಲ. ಗೂಡಿನಲ್ಲಿ ದಪ್ಪ ಮೀಸೆಯ ಬಿಳಿಬೊಂಬೆ, ಎದುರಿಗೆ ಅದರ ಪಡಿಯಚ್ಚು. ಗಡಿಗೆ ಹೋದನಂತೆ ಎಂದ ಸಮಾಂಗ. ಜನ ಹೌದೆಂದರು. ಬಾಚಲೆ ಹೋಗಿ ನೋಡಿದರೆ ಅವನ ಮೀಸೆಗೆ ಹಚ್ಚುವ ಎಣ್ಣೆಯ ಕುಡಿಕೆ ಮನೆಯಲ್ಲೇ ಇತ್ತು. ಕತ್ತಿ ಬಿಟ್ಟು ಹೋದಾನು, ಆ ಎಣ್ಣೆ ಬಿಟ್ಟು ಕೇತಮಲ್ಲ ಗಡಿಗೆ ಹೋಗುವುದುಂಟೇ?

ಮೂರನೆಯ ಬೆರಳು ರಾಜನದು. ಅಗ್ಗಿಷ್ಟಿಕೆಯ ಪಕ್ಕದ ಎಲ್ಲಕ್ಕಿಂತ ದೊಡ್ಡ ಗೂಡಿನ ಮೇಲೆ ಬೆರಳಿಟ್ಟು ಸಿಂಗರಸ "ಇಲ್ಲಿ" ಎಂದ. ಏನೂ ಆಗಲಿಲ್ಲ. ಸಮಾಂಗ ಕುಂಚ ಅದ್ದಿ ಬರೆಯಹೋದರೆ ಬಣ್ಣ ಹತ್ತದೆ ಜಾರಿತು. ಇನ್ನೊಮ್ಮೆ ತೋರಿಸಲು ಹೇಳಿದ. ಆಗಲೂ ಗೂಡು ಬರಿದು. ಆಗ ಸಮಾಂಗ ರಾಜನ ಸುತ್ತ ಮೆಲ್ಲಗೆ ಒಂದು ಸುತ್ತು ಬಂದು, ಎಡಗಿವಿಯ ಹಿಂದೆ ನೋಡಿ, ಚೇಳು ಕಂಡವನಂತೆ ಹಿಂದೆ ಸರಿದ.

"ಮಹಾಪ್ರಭು, ಇದೇನು ಕಪ್ಪು?"

ಸಿಂಗರಸ ನಾಚಿಕೊಂಡ. "ನಮ್ಮ ತಂಗಿ ಇಡುವ ದೃಷ್ಟಿಬೊಟ್ಟು."

"ಒಂದೇ ಕಡೆ! ಎರಡೂ ಕಡೆ ಇಡಿಸಿಕೊಳ್ಳಿ, ಇಲ್ಲವೇ ಒರೆಸಿಬಿಡಿ. ಒಂದೇ ಕಡೆ ಕಲೆ ಇರುವವರು ಈ ಮನೆಗೆ ಒಪ್ಪುವುದಿಲ್ಲ."

ಇದನ್ನು ಕೇಳಿಸಿಕೊಂಡ ಬಾಚಲೆ ಅಣ್ಣನನ್ನು ಪಕ್ಕಕ್ಕೆ ಎಳೆದುಕೊಂಡು ಹೋಗಿ ವೀಣೆಯ ವಿಷಯ, ಎಣ್ಣೆಯ ವಿಷಯ, ಬೊಂಬೆಗಳ ವಿಷಯ ಎಲ್ಲ ಹೇಳಿದಳು. "ಬೆಳ್ಳಗಿರೋದೆಲ್ಲ ಹಾಲಲ್ಲ ಅಣ್ಣ. ಆ ಬೊಂಬೆಗಳು ಬೊಂಬೆಗಳಲ್ಲ" ಎಂದಳು. ಸಿಂಗರಸ ನಕ್ಕುಬಿಟ್ಟ. ಹೋದ ವರ್ಷ ಅವಳು ರಾಜಪುರೋಹಿತರ ಮೇಲೆ, ಅದಕ್ಕೂ ಹಿಂದೆ ಪಟ್ಟದ ಆನೆಯ ಮೇಲೆ ಅನುಮಾನಪಟ್ಟಿದ್ದಳು. ಆನೆ ಏನೂ ಮಾಡಿರಲಿಲ್ಲ.

ಮರುದಿನ ಬೆಳಿಗ್ಗೆ ಬಾಚಲೆ ಕರಡಿಗೆ ಹಿಡಿದು ಬಂದಾಗ ಸಿಂಗರಸ ಕಿವಿಗೆ ಕೈ ಅಡ್ಡ ಇಟ್ಟುಕೊಂಡ.

"ಇವತ್ತಿನಿಂದ ಬೇಡ."

"ಅಣ್ಣ, ಅಮ್ಮ ಹೇಳಿದ್ದು..."

"ಅಮ್ಮ ಹೇಳಿದಾಗ ನಾನು ಹುಡುಗ. ಈಗ ರಾಜ. ಕಡಲಾಚೆಯವನ ಎದುರಿಗೆ ನನಗೆ ಅವಮಾನ ಆಯಿತು. ನೀನು ಊರಿನವರನ್ನೆಲ್ಲ ಅನುಮಾನದಿಂದ ನೋಡ್ತೀಯ, ನಿನ್ನ ಅನುಮಾನದೊಳಗೆ ನನಗೆ ಉಸಿರು ಕಟ್ಟುತ್ತೆ ಬಾಚಿ."

ಬಾಚಲೆ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಅವಳಿಗೆ ಸಿಟ್ಟಿಗಿಂತ ಹೆಚ್ಚಾಗಿ ನೋವಾಗಿತ್ತು. ಅಣ್ಣನನ್ನು ಕಾಯುವುದನ್ನು ಬಿಟ್ಟು ತನಗೆ ಬೇರೇನೂ ಬರುವುದಿಲ್ಲವೆಂದು ಅವಳಿಗೆ ಅಂದು ಗೊತ್ತಾಯಿತು. ಅತ್ತು ಮುಗಿದ ಮೇಲೆ ಒಂದು ಯೋಚನೆ ಹೊಳೆದು ಎದ್ದು ನಿಂತಳು. ನಿನ್ನೆ ಬೊಟ್ಟು ಇದ್ದದ್ದರಿಂದ ಬಣ್ಣ ಹತ್ತಲಿಲ್ಲ. ಇವತ್ತು ಬೊಟ್ಟಿಲ್ಲ!

ಓಡಿ ಬಂದರೆ ಮೇಜಿನ ಬಳಿ ಯಾರೂ ಇಲ್ಲ. ನಕ್ಷೆ ಮಾತ್ರ ಹರಡಿತ್ತು. ಅಗ್ಗಿಷ್ಟಿಕೆಯ ಎಡಕ್ಕೊಂದು ಬಲಕ್ಕೊಂದು ಕಿರೀಟ ಇಟ್ಟ ಬಿಳಿಬೊಂಬೆ. ಎರಡರ ಮುಖವೂ ಸಿಂಗರಸನ ಮುಖ.

ಮಂತ್ರಿ ಬೊಪ್ಪಯ್ಯನವರ ಹತ್ತಿರ ಓಡಿದಳು. ಅವರು ಎಲೆ ಅಡಿಕೆ ಹಾಕಿಕೊಳ್ಳುತ್ತ, "ಮಹಾಪ್ರಭುಗಳು ಬೇಟೆಗೆ ಹೋದರಂತಲ್ಲ ಅಮ್ಮಣ್ಣಿಯವರೇ, ಸಮಾಂಗ ಹೇಳಿದರು" ಎಂದರು.

"ನಮ್ಮಣ್ಣ ಇರುವೆ ತುಳಿದರೆ ಊಟ ಬಿಡೋನು. ಅವನು ಬೇಟೆಗೆ ಹೋಗ್ತಾನಾ?"

"ಅನುಮಾನಕ್ಕೆ ಮದ್ದಿಲ್ಲ ತಾಯೀ" ಎಂದು ಬೊಪ್ಪಯ್ಯ ನಿಟ್ಟುಸಿರು ಬಿಟ್ಟರು. ಜೀವಮಾನವೆಲ್ಲ ಹುಲಿ ಬಂತೆಂದು ಕೂಗಿದವಳಿಗೆ ನಿಜವಾದ ಹುಲಿ ಬಂದ ದಿನ ಯಾರೂ ಇರುವುದಿಲ್ಲ. ಬಾಚಲೆಗೂ ಯಾರೂ ಇರಲಿಲ್ಲ.

ಅವಳು ನಕ್ಷೆಯನ್ನು ಎತ್ತಿಕೊಂಡು ಅರಮನೆಯ ಹಿತ್ತಲಿಗೆ ಬಂದಳು. ನಡುಮಧ್ಯಾಹ್ನ. ಊಟ ಮಾಡಿ ಎಲ್ಲರೂ ಮಲಗಿದ್ದರು. ಕಾಗದವನ್ನು ನೆಲದ ಮೇಲೆ ಹರಡಿ, ಹೊರಕ್ಕೆ ಮಲಗಿದ್ದ ಗೋಡೆಗಳನ್ನು ಒಂದೊಂದಾಗಿ ಎತ್ತಿ ನಿಲ್ಲಿಸಿದಳು. ಮಾಯೆಯ ಕಾಗದ ಅದು. ನಿಂತ ಗೋಡೆ ಬೆಳೆಯಿತು. ಮೊಣಕಾಲೆತ್ತರ ಬೆಳೆಯಿತು, ಆಳೆತ್ತರ ಬೆಳೆಯಿತು, ತೆಂಗಿನ ಮರದ ಎತ್ತರ ಬೆಳೆಯಿತು. ನೋಡುತ್ತಿದ್ದಂತೆ ಹಿತ್ತಲಿನಲ್ಲಿ ಒಂದು ದೊಡ್ಡ ಮನೆ ನಿಂತಿತ್ತು, ಮುಂಗೋಡೆಯಲ್ಲಿ ಎರಡು ಬಾಗಿಲು.

ಎರಡೂ ಒಂದೇ ಬಾಗಿಲು. ಒಂದೇ ಚೌಕಟ್ಟು, ಒಂದೇ ಹಿಡಿಕೆ. ಹೊಸ್ತಿಲು ಮಾತ್ರ ಎರಡಕ್ಕೂ ಇಲ್ಲ. ಬಣ್ಣದ ಬಾಗಿಲು ಮುಟ್ಟಿದವರು ಅಲ್ಲಿಯೇ ಉಳಿಯುತ್ತಾರೆ ಎಂಬ ಮಾತು ಅವಳ ಸೆರಗಿನಲ್ಲಿತ್ತಲ್ಲ! ಕೈ ಕಟ್ಟಿಕೊಂಡು ನೋಡಿದಳು. ಬಹಳ ಹೊತ್ತು ನೋಡಿದಳು. ಎಡಬಾಗಿಲಿನ ಹಿಡಿಕೆಯ ಕೆಳಗೆ ಓರೆಯಾದ ಒಂದು ನೆರಳು. ಬಲಬಾಗಿಲಿನ ಹಿಡಿಕೆಯ ನೆರಳು ಅದರ ಅಡಿಯಲ್ಲೇ ಮುದುಡಿಕೊಂಡಿತ್ತು.

"ಸೂರ್ಯ ನೆತ್ತಿಯ ಮೇಲಿದ್ದಾನೆ" ಎಂದಳು ಬಾಚಲೆ. "ಓರೆ ನೆರಳು ಎಲ್ಲಿಂದ ಬಂತು? ಯಾರೋ ಕುಂಚದಿಂದ ಬರೆದದ್ದು!"

ಬಲಬಾಗಿಲನ್ನು ತಳ್ಳಿದಳು. ತೆರೆಯಿತು.

ಒಳಗೆ ಮೈ ನಡುಗಿಸುವ ತಂಪು. ನಡುಗೋಡೆಯ ಬಳಿ ಹೋಗಬೇಕೆಂದು ಹೆಜ್ಜೆ ಇಟ್ಟದ್ದೇ ತಡ, ಅಗ್ಗಿಷ್ಟಿಕೆಯ ಎರಡು ಸಿಂಹಗಳೂ ರೆಕ್ಕೆ ಬಿಚ್ಚಿ ಕೆಳಗಿಳಿದವು. ಎಡದ್ದು ಬಲಗಾಲು ಎತ್ತಿದರೆ ಬಲದ್ದು ಎಡಗಾಲು ಎತ್ತುತ್ತಿತ್ತು. ಒಂದೇ ಉಸಿರಿನಲ್ಲಿ ಹೇಳಿದವು:

"ಎಡಕ್ಕೆ ಬಂದರೆ ಎಡದವನ ಊಟ. ಬಲಕ್ಕೆ ಬಂದರೆ ಬಲದವನ ಊಟ. ನಡುವೆ ಬಂದರೆ ಇಬ್ಬರಿಗೂ ಅರ್ಧರ್ಧ."

ಬಾಚಲೆ ಸೆರಗಿನ ಗಂಟು ಬಿಚ್ಚಿ ತಂಬಿಟ್ಟಿನ ಉಂಡೆ ತೆಗೆದು ನೆಲದ ಮೇಲಿಟ್ಟಳು.

"ಅಣ್ಣಂದಿರಾ, ಮೊದಲು ಇದನ್ನ ತಿನ್ನಿ. ತುಪ್ಪ ಹಾಕಿ ಕಟ್ಟಿದ್ದು. ಆದರೆ ಪಾಲು ಸಮ ಇರಲಿ. ಒಂದು ಎಳ್ಳು ಆ ಕಡೆ ಈ ಕಡೆ ಆದರೂ ನಿಮ್ಮ ಒಡೆಯ ಸುಮ್ಮನಿರೋನಲ್ಲ."

ಸಿಂಹಗಳು ಮುಖ ಮುಖ ನೋಡಿಕೊಂಡವು. ಎರಡೂ ಒಟ್ಟಿಗೆ ಪಂಜ ಇಟ್ಟು ಉಂಡೆ ಮುರಿದವು. ತಂಬಿಟ್ಟು ಹೇಳಿದ ಹಾಗೆ ಮುರಿಯುತ್ತದೆಯೇ? ಪುಡಿಪುಡಿಯಾಯಿತು. ಎಡದ ರಾಶಿಯಲ್ಲಿ ಒಂದು ಕಡಲೆ ಹೆಚ್ಚು, ಬಲದ ರಾಶಿಯಲ್ಲಿ ಒಂದು ಕೊಬ್ಬರಿ ಚೂರು ಹೆಚ್ಚು. ಅದನ್ನು ಇಲ್ಲಿಗೆ ಸರಿಸಿದವು, ಇದನ್ನು ಅಲ್ಲಿಗೆ ಸರಿಸಿದವು. ಬಾಯಲ್ಲಿ ನೀರು ಸುರಿಯುತ್ತಿತ್ತು, ತಿನ್ನುವಂತಿಲ್ಲ. ಬಾಚಲೆ ಅವುಗಳನ್ನು ದಾಟಿ ಹೋದದ್ದು ಅವುಗಳಿಗೆ ತಿಳಿಯಲೇ ಇಲ್ಲ.

ನಡುಗೋಡೆಯ ಮುಂದೆ ಸಮಾಂಗ ನಿಂತಿದ್ದ. ಎರಡು ಕೈ ಜೋಡಿಸಿ ನಡುಬಗ್ಗಿಸಿದ.

"ನಿಜವಾದ ಬಾಗಿಲಿನಿಂದ ಬಂದಿರಿ, ರಾಜಕುಮಾರಿ. ಹಾಗೆ ಬಂದವರಿಗೆ ಒಂದು ಅವಕಾಶ ಕೊಡಬೇಕೆಂಬುದು ಈ ಮಾಯೆಯ ಕಟ್ಟಳೆ. ಈ ಇಬ್ಬರಲ್ಲಿ ಒಬ್ಬ ನಿಮ್ಮ ಅಣ್ಣ, ಒಬ್ಬ ನಾನು ಬರೆದ ಜೋಡಿ. ಒಬ್ಬನನ್ನು, ಒಮ್ಮೆ ಮಾತ್ರ ಮುಟ್ಟಬಹುದು. ನಿಮ್ಮ ಅಣ್ಣನಾದರೆ ಜೀವ ಬರುತ್ತದೆ. ತಪ್ಪಿದರೆ ನಿಮಗೂ ಒಂದು ಗೂಡು ಇಟ್ಟಿದ್ದೇನೆ. ಆಮೇಲೆ ಹೊಂಗೆನಾಡನ್ನು ಸುತ್ತಿ ಈ ಕೊಳವೆಗೆ ಹಾಕಿಕೊಂಡು ಹೊರಡುತ್ತೇನೆ. ಇದರಲ್ಲಿ ಬೇರೆ ನಾಡುಗಳೂ ಇವೆ, ನಿಮಗೆ ಬೇಸರವಾಗುವುದಿಲ್ಲ."

ಬಾಚಲೆ ಎರಡು ಬೊಂಬೆಗಳನ್ನೂ ನೋಡಿದಳು. ಒಂದೇ ಹಣೆ, ಒಂದೇ ಮೂಗು, ಒಂದೇ ಅರ್ಧ ನಗು. ಅನುಮಾನಪಡುವುದೇ ಅವಳ ಜೀವನದ ಕೆಲಸವಾಗಿತ್ತು. ಈಗ ನೋಡಿದರೆ ಎಡದವನ ಮೇಲೆ ಎಷ್ಟು ಅನುಮಾನವೋ ಬಲದವನ ಮೇಲೂ ಅಷ್ಟೇ. ಅನುಮಾನ ಕೈಕೊಟ್ಟಿತು. ಅವಳಿಗೆ ಅಳು ಬಂತು. ಬೆಳಿಗ್ಗೆ ಅಣ್ಣ ಆಡಿದ ಮಾತು ನೆನಪಾಯಿತು. ಅದೇ ಕೊನೆಯ ಮಾತಾಗಿಬಿಟ್ಟರೆ?

ಅಳುತ್ತಲೇ ಸೊಂಟದಿಂದ ಕರಡಿಗೆ ತೆಗೆದಳು. ಬೇರೇನೂ ತೋಚದೆ, ದಿನ ಬೆಳಗಾದರೆ ಮಾಡುವ ಕೆಲಸವನ್ನೇ ಮಾಡಿದಳು. ಬೆರಳನ್ನು ಕಾಡಿಗೆಯಲ್ಲಿ ಅದ್ದಿದಳು. ಎಡದ ಬೊಂಬೆಯ ಕಿವಿಯ ಕಡೆ, ಮುಟ್ಟದೆ, ಗಾಳಿಯಲ್ಲೇ ಬೆರಳು ಚಾಚಿದಳು.

"ಕಿವಿ ಕೊಡಣ್ಣ."

ಬೊಂಬೆ ಸುಮ್ಮನೆ ನಗುತ್ತಿತ್ತು.

ಬಲಕ್ಕೆ ಹೋದಳು. ಬೆರಳು ಚಾಚಿದಳು.

"ಕಿವಿ ಕೊಡಣ್ಣ. ತೊಟ್ಟಿಲ ಕೂಸಿಗೆ ನಿನಗಿಂತ ಬುದ್ಧಿ ಇರುತ್ತೆ."

ಬಿಳಿಯ ಗಾರೆಯ ಕತ್ತಿನಲ್ಲಿ 'ಟಪ್' ಎಂದು ಸಣ್ಣ ಬಿರುಕು ಬಿಟ್ಟಿತು. ಎಳ್ಳಷ್ಟು, ಎಳ್ಳಷ್ಟೇ, ಕತ್ತು ಒಳಕ್ಕೆ ಹೋಯಿತು.

ಬಾಚಲೆ ಆ ಕಿವಿಯನ್ನು ಹಿಡಿದೆಳೆದು ಬೊಟ್ಟು ಒತ್ತಿದಳು.

"ಕಚಗುಳಿ ಆಗುತ್ತೆ ಅಂತ ಎಷ್ಟು ಸಲ ಹೇಳಬೇಕೇ ನಿನಗೆ!" ಎಂದು ಕೂಗುತ್ತ ಸಿಂಗರಸ ಗೂಡಿನಿಂದ ಧುಮುಕಿದ. ಗಾರೆ ಅವನ ಮೈಯಿಂದ ಹಪ್ಪಳದ ಹಾಗೆ ಉದುರಿತು.

ಎಡದ ಗೂಡಿನಲ್ಲಿ ಬೊಂಬೆ ಇತ್ತು, ಬಲದ ಗೂಡು ಬರಿದಾಗಿತ್ತು. ಮನೆ ನರಳಿತು. ಹೂಮಾಲೆಗಳು ಒಂದು ಕಡೆಗೆ ಜೋಲಿದವು, ಕಂಬಗಳು ವಾಲಿದವು, ಚಾವಣಿಯಿಂದ ಗುಲಾಬಿ ಬಣ್ಣ ಸುರಿಯತೊಡಗಿತು. ಸಮಾಂಗನ ಮುಖದಲ್ಲಿ ಮೊಟ್ಟಮೊದಲ ಸಲ ಒಂದು ಹುಬ್ಬು ಮೇಲಕ್ಕೆ ಹೋಯಿತು.

"ಒಂದು ಕಡೆ ಖಾಲಿ! ಒಂದು ಕಡೆ ಖಾಲಿ!"

ಬುದ್ಧಿಯಿದ್ದಿದ್ದರೆ ಅವನು ಬಾಗಿಲಿಗೆ ಓಡುತ್ತಿದ್ದ. ಅಥವಾ ಎಡದ ಬೊಂಬೆಯನ್ನು ಒಡೆದು ಎರಡು ಕಡೆಯನ್ನೂ ಖಾಲಿ ಮಾಡುತ್ತಿದ್ದ. ಆದರೆ ತಾನು ಮಾಡಿದ್ದನ್ನು ತಾನೇ ಒಡೆಯಲು ಯಾವ ಕಲೆಗಾರನಿಗೆ ಮನಸ್ಸು ಬರುತ್ತದೆ? ಖಾಲಿ ಜಾಗ ಕಂಡು ಅವನಿಗೆ ತಡೆಯಲಾಗಲಿಲ್ಲ. ಓಡಿ ಹೋಗಿ ಬಲದ ಗೂಡನ್ನು ತಾನೇ ಹತ್ತಿ, ಬೊಂಬೆಯ ಭಂಗಿಯಲ್ಲೇ ಕೈಯಿಟ್ಟು ನಿಂತ. ಕಂಬಗಳು ನೆಟ್ಟಗಾದವು. ಮನೆ ಸುಮ್ಮನಾಯಿತು. "ಸಮ" ಎಂದು ಅವನು ನೆಮ್ಮದಿಯಿಂದ ಕಣ್ಣು ಮುಚ್ಚಿದ. ಗೂಡು ತನ್ನೊಳಗೆ ನಿಂತವರು ಯಾರೆಂದು ಕೇಳುವುದಿಲ್ಲ. ಬಿಳಿಯ ಗಾರೆ ಅವನ ಪಾದದಿಂದ ಮೇಲೇರಿತು, ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು.

ಬಾಚಲೆ ಹತ್ತಿರ ಹೋದಳು. ಕರಡಿಗೆಯ ತಳದಲ್ಲಿ ಉಳಿದಿದ್ದ ಕಾಡಿಗೆಯನ್ನೆಲ್ಲ ಬಳಿದು ತೆಗೆದು, ಅವನ ಬಲಗೆನ್ನೆಯ ಮೇಲೆ ಕಾಸಗಲದ ಒಂದು ಬೊಟ್ಟು ಇಟ್ಟಳು.

ಸಮಾಂಗ ಕಣ್ಣು ಬಿಟ್ಟ. ಕೈಗಳು ಆಗಲೇ ಗಾರೆಯಾಗಿದ್ದವು.

"ಎರಡೂ ಕಡೆ! ತಾಯೀ, ಎರಡೂ ಕಡೆ ಇಡು! ನಿನ್ನ ಕಾಲಿಗೆ ಬೀಳುತ್ತೇನೆ, ಆ ಕೆನ್ನೆಗೂ ಒಂದು ಇಡು!"

"ಕಾಡಿಗೆ ಮುಗೀತು" ಎಂದಳು ಬಾಚಲೆ.

ಗಾರೆ ಅವನ ಬಾಯಿ ಮುಚ್ಚಿತು. ಮರುಕ್ಷಣ ಇಡೀ ಮನೆ ಹರಿದ ಕಾಗದದ ಸದ್ದು ಮಾಡುತ್ತ ಕುಸಿಯಿತು. ಧೂಳು ಅಡಗಿದಾಗ ಅರಮನೆಯ ಹಿತ್ತಲಿನಲ್ಲಿ, ಹಸಿರು ಗುಲಾಬಿ ಬಣ್ಣದ ಚೂರುಗಳ ನಡುವೆ, ಸೋಮಲೆ ಸೀನುತ್ತ ಕುಳಿತಿದ್ದಳು. ಕೇತಮಲ್ಲ ಮೀಸೆಯ ಗಾರೆಯನ್ನು ಕೆರೆದುಕೊಳ್ಳುತ್ತಿದ್ದ. ಒಂದು ಕೆನ್ನೆ ಕಪ್ಪಾದ ಬಿಳಿಬೊಂಬೆಯೊಂದು ಹುಲ್ಲಿನ ಮೇಲೆ ಅಂಗಾತ ಬಿದ್ದಿತ್ತು. ರೆಕ್ಕೆಯ ಸಿಂಹಗಳು ಬೆಕ್ಕಿನಷ್ಟು ಸಣ್ಣವಾಗಿ, ಇನ್ನು ಯಾರ ಭಯವೂ ಇಲ್ಲದೆ, ತಂಬಿಟ್ಟಿಗಾಗಿ ಕಿತ್ತಾಡುತ್ತಿದ್ದವು. ಸದ್ದಿಗೆ ಎಚ್ಚರವಾಗಿ ಬಂದ ಮಂತ್ರಿ ಬೊಪ್ಪಯ್ಯ ಬಾಯಲ್ಲಿದ್ದ ಎಲೆ ಅಡಿಕೆಯನ್ನು ನುಂಗಿಬಿಟ್ಟರು.

ಹೊಸ ಕಾಡಿಗೆ ಮಾಡಿ, ಚೂರುಗಳ ನಡುವೆ ಸಿಕ್ಕ ತೊಗಲಿನ ಕೊಳವೆಯಲ್ಲಿದ್ದ ಸುರುಳಿಗಳನ್ನೆಲ್ಲ ಬಿಚ್ಚಿ, ಒಂದೊಂದರ ಒಂದೊಂದು ಮೂಲೆಗೆ ಬಾಚಲೆ ಬೊಟ್ಟು ಇಟ್ಟಳು. ಎಂದೋ ಕಾಣೆಯಾಗಿದ್ದ ನಾಡುಗಳ ರಾಜರು, ರಾಣಿಯರು, ಹಾಡುಗಾರರು ಎದ್ದು ಬಂದರು. ಅವರಿಗೆಲ್ಲ ಹೊಟ್ಟೆ ತುಂಬ ಊಟ ಹಾಕಿ ಊರಿಗೆ ಕಳಿಸಿದರು. ಹೊಳೆಯಾಚೆಯ ಹಳ್ಳಿಮನೆಯನ್ನು ಊರಿನ ಕಲ್ಲುಕುಟಿಗರೇ ಕಟ್ಟಿದರು. ಅದಕ್ಕೆ ಹೊಸ್ತಿಲು ಇತ್ತು, ಅಡುಗೆಮನೆ ಇತ್ತು, ಒಂದು ಕಿಟಕಿ ಬೇಕೆಂದೇ ಒಂದು ಗೇಣು ಪಕ್ಕಕ್ಕೆ ಸರಿದಿತ್ತು. ಅನುಮಾನದ ಅಮ್ಮಣ್ಣಿ ಎಂದು ಜನ ಈಗಲೂ ಕರೆಯುತ್ತಿದ್ದರು. ಆದರೆ ಎದುರಿಗೇ ಕರೆಯುತ್ತಿದ್ದರು, ಕೈಮುಗಿದು ಕರೆಯುತ್ತಿದ್ದರು.

ಅದಿರಲಿ, ಮನೆ ಕುಸಿದ ಮರುದಿನ ಬೆಳಿಗ್ಗೆ ಏನಾಯಿತೆಂದು ಹೇಳುತ್ತೇನೆ. ಸಿಂಗರಸ ಮಿಂದು ಬಂದು, ಯಾರೂ ಕರೆಯುವ ಮುಂಚೆಯೇ ತಂಗಿಯ ಎದುರು ಕುಳಿತು ಕಿವಿ ಬಗ್ಗಿಸಿದ. ಅವಳು ಬೊಟ್ಟು ಇಟ್ಟಳು. ಅವನ ಕತ್ತು ಎಂದಿನಂತೆ ಒಳಕ್ಕೆ ಹೋಯಿತು. ಆಮೇಲೆ ಅವನು ಎದ್ದು ಹೋಗಲಿಲ್ಲ. ಅವಳ ಕೈಯಿಂದ ಕರಡಿಗೆ ತೆಗೆದುಕೊಂಡ.

"ಯಾಕೆ? ಏನು ಬೇಕು ನಿನಗೆ?" ಎಂದಳು ಬಾಚಲೆ, ಕಣ್ಣು ಕಿರಿದು ಮಾಡಿ.

"ಇಷ್ಟು ವರ್ಷದಿಂದ ನನಗೆ ಇಡ್ತೀಯ. ನಿನಗೆ ಯಾರು ಇಟ್ಟರೇ?"

ತಾಯಿ ಹೋದ ಮೇಲೆ ಯಾರೂ ಇಟ್ಟಿರಲಿಲ್ಲ. ಯಾರಾದರೂ ಇಡಬಹುದೆಂದು ಅವಳಿಗೆ ಅನ್ನಿಸಿಯೂ ಇರಲಿಲ್ಲ.

"ಕಿವಿ ಕೊಡು ಬಾಚಿ" ಎಂದ ಸಿಂಗರಸ.

ಅವಳು ಕೊಟ್ಟಳು. ಏನೂ ಅನುಮಾನಪಡದೆ ಕೊಟ್ಟಳು. ಅವನಿಗೆ ರೂಢಿಯಿಲ್ಲದ ಕೆಲಸ ನೋಡಿ, ಬೊಟ್ಟು ದೊಡ್ಡದಾಗಿ, ಸೊಟ್ಟಗೆ, ಕಿವಿಯ ತುಂಬ ಬಳಿದುಹೋಯಿತು. ಅದನ್ನು ಅವಳು ಅಂದು ಸಂಜೆಯವರೆಗೂ ಒರೆಸಲಿಲ್ಲ. ಹೊಂಗೆನಾಡಿನಲ್ಲಿ ಆಮೇಲೆ ಎಲ್ಲರೂ ಉಂಡು, ಉಟ್ಟು, ಎಡಬಲ ಲೆಕ್ಕ ಹಾಕದೆ ಬಹುಕಾಲ ಸುಖವಾಗಿದ್ದರು. ನಾವೂ ಹಾಗೆಯೇ ಇರೋಣ.